ಹಳೇ ಊರಿನ ಮುಖ್ಯ ರಸ್ತೆ ಕಿತ್ತು ಕಟ್ಟುವಾಗ ಏನೇನು ನೋಡಬೇಕು?

"ನಮ್ಮದು ಚಿಕ್ಕ ಊರು, ಹಳೇ ಊರು. ನಡುವೆ ಇರುವುದೇ ಒಂದು ದೊಡ್ಡ ರಸ್ತೆ. ಅದನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡುತ್ತಾರಂತೆ. ನಾವು ಏನು ನೋಡಿಕೊಳ್ಳಬೇಕು?" ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ರಸ್ತೆ ಬದಿಯ ಮನೆಯವರಿದ್ದಾರೆ, ಅಂಗಡಿಯವರಿದ್ದಾರೆ, ಊರಿನ ಸಮಿತಿಗೆ ಈಗಷ್ಟೇ ಸೇರಿದವರೂ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಒಂದೇ ಕಡೆ ಹೇಳಿಬಿಡುತ್ತೇನೆ.

ಮುಕ್ಕಾಲು ಪಾಲು ಜನ ಮೊದಲು ಕೇಳುವುದು ಡಾಂಬರೋ, ಕಾಂಕ್ರೀಟೋ, ಕಲ್ಲೋ ಎಂದು. ನನ್ನ ಲೆಕ್ಕದಲ್ಲಿ ಅದು ಎಂಟನೇ ಪ್ರಶ್ನೆ. ಮೊದಲನೆಯದು ಬೇರೆ: ಹೊಸ ರಸ್ತೆ ನಿಮ್ಮ ಹೊಸ್ತಿಲಿಗಿಂತ ಎಷ್ಟು ಕೆಳಗೆ ನಿಲ್ಲುತ್ತದೆ? ಇದೊಂದು ತಪ್ಪಿದರೆ ಮೇಲೆ ಎಂಥ ಚೆಂದದ ಕಲ್ಲು ಹಾಸಿದರೂ ಮಳೆ ನೀರು ಮನೆಯೊಳಗೇ ಬರುವುದು.

ಶುರು ಮಾಡಲು ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಉದ್ದದ ಅಳತೆ ಟೇಪು, ಗಾರೆಯವರು ಬಳಸುವ ಪಾರದರ್ಶಕ ನೀರಿನ ಪೈಪು, ಕ್ಯಾಮೆರಾ ಇರುವ ಫೋನು, ಒಂದು ನೋಟ್‌ಬುಕ್ಕು. ಜೊತೆಗೆ ಯೋಜನೆಯ ನಕ್ಷೆ ಮತ್ತು ಎಸ್ಟಿಮೇಟಿನ ಪ್ರತಿ. ಈ ಎರಡು ಕಾಗದ ಕೈಗೆ ಬರದೆ ಯಾವ ಸಭೆಯಲ್ಲೂ ಒಪ್ಪಿಗೆ ಕೊಡಬೇಡಿ.

1. ಮಟ್ಟ ಅಳೆಯಿರಿ

ಹಳೇ ಊರುಗಳಲ್ಲಿ ರಸ್ತೆ ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಏರುತ್ತಾ ಬಂದಿರುತ್ತದೆ. ಹಳೇ ಡಾಂಬರು ಕೀಳದೆ ಮೇಲೊಂದು ಪದರ ಹಾಕಿದರೆ 40ರಿಂದ 50 ಮಿ.ಮೀ. ಏರಿತು. ನಾಲ್ಕು ಸಲ ಹೀಗಾದರೆ 160ರಿಂದ 200 ಮಿ.ಮೀ., ಅಂದರೆ ಒಂದು ಮೆಟ್ಟಿಲು ಪೂರ್ತಿ ಮುಚ್ಚಿಹೋಯಿತು. ಒಂದು ಕಡೆ ನಾನು ನೋಡಿದ ಮನೆಗೆ ಮೊದಲು ಮೂರು ಮೆಟ್ಟಿಲು ಹತ್ತಬೇಕಿತ್ತಂತೆ. ನಾನು ಹೋದಾಗ ಒಂದು ಇಳಿಯಬೇಕಿತ್ತು.

ಅಳೆಯುವುದು ಕಷ್ಟವಲ್ಲ. ಅಲುಗಾಡದ, ಯಾರೂ ಕೀಳದ ಒಂದು ಹಳೇ ಕಲ್ಲನ್ನು ಗುರುತು ಮಾಡಿಕೊಳ್ಳಿ. ಇದನ್ನೇ ಬೆಂಚ್‌ಮಾರ್ಕ್ ಎನ್ನುವುದು: ಉಳಿದೆಲ್ಲ ಎತ್ತರವನ್ನೂ ಇದಕ್ಕೆ ಹೋಲಿಸಿ ಬರೆಯುತ್ತಾರೆ. ಪೈಪಿನಲ್ಲಿ ನೀರು ತುಂಬಿ ಒಂದು ತುದಿಯನ್ನು ಆ ಕಲ್ಲಿಗೆ ಹಿಡಿಯಿರಿ, ಇನ್ನೊಂದನ್ನು ಮನೆಯ ಹೊಸ್ತಿಲಿಗೆ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಹಾಗಾಗಿ ಹೊಸ್ತಿಲು ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂದು ಟೇಪಿನಲ್ಲೇ ಗೊತ್ತಾಗುತ್ತದೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಾತ್ರ ಲೆಕ್ಕ ತಪ್ಪುತ್ತದೆ, ಅದನ್ನು ಮೊದಲು ತೆಗೆಯಿರಿ. ರಸ್ತೆಯ ಎರಡೂ ಬದಿ ಪ್ರತಿ ಹೊಸ್ತಿಲಿಗೂ ಹೀಗೆ ಮಾಡಿ ಪಟ್ಟಿ ಬರೆಯಿರಿ. ನಾಲ್ಕು ಜನ ಸೇರಿದರೆ ಒಂದೆರಡು ದಿನದ ಕೆಲಸ.

ಆಮೇಲೆ ನಕ್ಷೆ ಬಿಡಿಸಿ. ಅದರಲ್ಲಿ ಎರಡು ಚಿತ್ರ ಇರಲೇಬೇಕು. ಒಂದು, ರಸ್ತೆಯನ್ನು ಉದ್ದಕ್ಕೆ ಸೀಳಿದಂತೆ ಏರಿಳಿತ ತೋರಿಸುವುದು. ಇನ್ನೊಂದು, ಅಡ್ಡಕ್ಕೆ ಕತ್ತರಿಸಿದಂತೆ ಗೋಡೆಯಿಂದ ಗೋಡೆಯವರೆಗೆ ತೋರಿಸುವುದು. ಅಡ್ಡ ಚಿತ್ರ ಹತ್ತು ಮೀಟರಿಗೊಂದಾದರೂ ಬೇಕು. "ಎಲ್ಲಾ ಕಡೆ ಒಂದೇ ಥರ" ಎಂದು ಒಂದೇ ಚಿತ್ರ ಕೊಟ್ಟರೆ ಒಪ್ಪಬೇಡಿ. ಹಳೇ ಊರಿನಲ್ಲಿ ಎರಡು ಮನೆ ಒಂದೇ ಮಟ್ಟದಲ್ಲಿದ್ದರೆ ಅದೇ ವಿಶೇಷ. ಗೋಡೆ ಪಕ್ಕದ ನೆಲ ಹೊಸ್ತಿಲಿಗಿಂತ 150 ಮಿ.ಮೀ.ನಷ್ಟಾದರೂ ಕೆಳಗಿರಲಿ. ಎಲ್ಲಿ ಅಷ್ಟು ಸಿಗುವುದಿಲ್ಲವೋ ಅಲ್ಲಿ ಬಾಗಿಲ ಮುಂದೆ ಜಾಲರಿ ಮುಚ್ಚಿದ ಸಣ್ಣ ಕಾಲುವೆ ಬೇಕು, ಅದೂ ನಕ್ಷೆಯಲ್ಲಿ ಕಾಣಬೇಕು.

ಎರಡು ಕಡೆ ಜನ ಮೋಸ ಹೋಗುತ್ತಾರೆ. ಹಳೇ ಪದರ ಕೀಳುತ್ತೇವೆ ಎಂದು ಸಭೆಯಲ್ಲಿ ಬಾಯಿಮಾತು ಇರುತ್ತದೆ, ಎಸ್ಟಿಮೇಟಿನಲ್ಲಿ "ಕಿತ್ತು ಸಾಗಿಸುವುದು" ಎಂಬ ಬಾಬತ್ತೇ ಇರುವುದಿಲ್ಲ. ಹಣ ಇಲ್ಲದ ಕೆಲಸ ಯಾರು ಮಾಡುತ್ತಾರೆ? ಇನ್ನೊಂದು ಇದಕ್ಕೆ ಉಲ್ಟಾ. ಉತ್ಸಾಹದಲ್ಲಿ ತುಂಬಾ ಕೆಳಗೆ ಅಗೆದುಬಿಡುವುದು. ಹಳೇ ಮನೆಗಳ ಪಾಯ ಎಷ್ಟೋ ಸಲ ಮೊಣಕಾಲಷ್ಟೂ ಆಳ ಇರುವುದಿಲ್ಲ. ಪಾಯದ ತಳಕ್ಕಿಂತ ಕೆಳಗೆ, ಗೋಡೆಗೆ ಒತ್ತಿಕೊಂಡು ಅಗೆದರೆ ಗೋಡೆ ಕೂರುತ್ತದೆ. ಹಾಗಾಗಿ ಅಲ್ಲಲ್ಲಿ ಗೋಡೆ ಪಕ್ಕ ಕೈಯಲ್ಲೇ ಒಂದು ಪರೀಕ್ಷೆ ಗುಂಡಿ ತೋಡಿ ಪಾಯ ನೋಡಿಕೊಂಡೇ ಆಳ ನಿರ್ಧರಿಸಬೇಕು.

2. ಮನೆಗಳ ಈಗಿನ ಸ್ಥಿತಿ ದಾಖಲಿಸಿ

ಕೆಲಸ ಶುರುವಾದ ಮೇಲೆ "ಈ ಬಿರುಕು ಮೊದಲೇ ಇತ್ತು", "ಇಲ್ಲ, ನೀವೇ ಮಾಡಿದ್ದು" ಎಂಬ ಜಗಳ ಗ್ಯಾರಂಟಿ. ಅಗೆಯುವ ಮುನ್ನವೇ ಪ್ರತಿ ಮನೆಯ ಮುಂಭಾಗ, ಒಳಗೋಡೆ, ನೆಲ, ಛಾವಣಿಯ ಫೋಟೋ ತೆಗೆಯಿರಿ. ಬಿರುಕಿನ ಪಕ್ಕ ಸ್ಕೇಲು ಇಟ್ಟು ತೆಗೆಯಿರಿ, ತಾರೀಖು ಕಾಣಲಿ. ಮಾಲೀಕರು ಮತ್ತು ಕಂಟ್ರಾಕ್ಟರ್ ಕಡೆಯವರು ಇಬ್ಬರೂ ಸಹಿ ಹಾಕಲಿ. ದೊಡ್ಡ ಬಿರುಕಿದ್ದರೆ ಅದರ ಮೇಲೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಬಳಿದು ತಾರೀಖು ಬರೆಯಿರಿ. ಗೋಡೆ ಅಲುಗಿದರೆ ಆ ಪಟ್ಟಿ ಸೀಳುತ್ತದೆ. ಬಡ ಸಾಧನ, ಆದರೆ ಸುಳ್ಳು ಹೇಳುವುದಿಲ್ಲ.

ಇದೇ ಹೊತ್ತಿನಲ್ಲಿ ರಸ್ತೆಯ ಹಳೇ ವಸ್ತುಗಳನ್ನೂ ಪಟ್ಟಿ ಮಾಡಿ: ಮೈಲಿಗಲ್ಲು, ಬರಹದ ಕಲ್ಲು, ಕಲ್ಲಿನ ಅಂಚು, ಮುಚ್ಚಿದ ಬಾವಿ, ಹಳೇ ಮೋರಿ. ಪಟ್ಟಿಯಲ್ಲಿ ಇಲ್ಲದ್ದು ಮಣ್ಣಿನ ಲಾರಿ ಹತ್ತಿ ಹೋದರೆ ವಾಪಸ್ ಬರುವುದಿಲ್ಲ.

3. ಭಾರದ ಗಾಡಿಗಳ ಪ್ರಶ್ನೆ ಮೊದಲೇ ಮುಗಿಸಿ

ರಸ್ತೆಯನ್ನು ಹಾಳು ಮಾಡುವುದು ಗಾಡಿಗಳ ಸಂಖ್ಯೆಗಿಂತ ಜಾಸ್ತಿ ಅವುಗಳ ಅಚ್ಚಿನ ಭಾರ, ಅಂದರೆ ಎಡಬಲದ ಚಕ್ರ ಜೋಡಿಸುವ ಒಂದೊಂದು ಅಚ್ಚು (ಆಕ್ಸಲ್) ಹೊರುವ ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇದಕ್ಕೆಂದೇ ರಸ್ತೆ ಕಟ್ಟಿ, ಲಾರಿ ಓಡಿಸಿ ದೊಡ್ಡ ಪರೀಕ್ಷೆ ಮಾಡಿದರು. ಅದರಿಂದ ಬಂದ ಅಂದಾಜು ಸೂತ್ರ ಇದು: ಅಚ್ಚಿನ ಭಾರ ಎರಡರಷ್ಟಾದರೆ ಹಾನಿ ಸುಮಾರು 16 ಪಟ್ಟು. ಹತ್ತರಷ್ಟಾದರೆ ಸುಮಾರು 10,000 ಪಟ್ಟು. ಅಂದರೆ ಊರೊಳಗೆ ನುಗ್ಗುವ ಒಂದು ತುಂಬಿದ ಲಾರಿ ಸಾವಿರಾರು ಕಾರುಗಳ ಕೆಲಸ ಒಂದೇ ಸಲ ಮಾಡಿ ಹೋಗುತ್ತದೆ.

ಸುತ್ತುದಾರಿ ಇದೆಯಾ? ಇದ್ದರೆ ದಾಟಿ ಹೋಗುವ ಲಾರಿಗಳನ್ನು ಅಲ್ಲಿಗೆ ಕಳಿಸುವ ಆದೇಶ ರಸ್ತೆ ಕೆಲಸಕ್ಕಿಂತ ಮೊದಲೇ ಆಗಲಿ. ಹಳೇ ಊರುಗಳ ರಕ್ಷಣೆಗೆಂದು 1987ರಲ್ಲಿ ಬಂದ ವಾಷಿಂಗ್ಟನ್ ಸನ್ನದು ಕೂಡ ಇದನ್ನೇ ಹೇಳುತ್ತದೆ: ದೊಡ್ಡ ಹೆದ್ದಾರಿ ಹಳೇ ಊರನ್ನು ಸೀಳಿಕೊಂಡು ಹೋಗಬಾರದು, ಊರಿಗೆ ಬರಲು ಅನುಕೂಲವಾದರೆ ಸಾಕು. ಸುತ್ತುದಾರಿ ಇಲ್ಲದಿದ್ದರೆ ರಸ್ತೆಯ ದಪ್ಪವನ್ನು ಲಾರಿ ಲೆಕ್ಕದಲ್ಲೇ ಹಾಕಬೇಕು. ಕಾರಿನ ಲೆಕ್ಕದಲ್ಲಿ ಕಟ್ಟಿ ಲಾರಿ ಬಿಟ್ಟರೆ ಎರಡು ಮಳೆಗಾಲ ದಾಟಿದರೆ ಹೆಚ್ಚು.

4. ಅಗಲ ಹಂಚಿಕೊಳ್ಳಿ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಗಾಡಿಗೆ ಬೇಕಾದ ಅಗಲ ತೆಗೆದು ಉಳಿದದ್ದನ್ನು ನಡೆಯುವವರಿಗೆ ಬಿಡುವುದು. ತಿರುಗಿಸಿ ಮಾಡಿ. ಎರಡು ಗಾಲಿಕುರ್ಚಿ ಎದುರುಬದುರು ದಾಟಲು 1.8 ಮೀಟರ್ ಬೇಕು. ಜಾಗ ಬಿಗಿಯಾಗಿದ್ದರೆ ಒಂದು ಬದಿಯಲ್ಲಾದರೂ ಅಷ್ಟು ಕೊಡಿ. ಎರಡೂ ಬದಿ ಅರ್ಧಂಬರ್ಧ ಕೊಟ್ಟರೆ ಯಾವ ಬದಿಯೂ ಉಪಯೋಗಕ್ಕೆ ಬರುವುದಿಲ್ಲ. ಕಂಬ, ಟ್ರಾನ್ಸ್‌ಫಾರ್ಮರು, ಫಲಕ ಇವುಗಳನ್ನು ಆ ಅಳತೆಯೊಳಗೆ ನಿಲ್ಲಿಸುವಂತಿಲ್ಲ. ಇಳಿಜಾರು ಕಟ್ಟುವುದಾದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಲಿ.

ವೇಗದ ವಿಷಯ. ಗಂಟೆಗೆ 50 ಕಿ.ಮೀ.ನಲ್ಲಿ ಬರುವ ಗಾಡಿಯ ಹೊಡೆತದ ಶಕ್ತಿ 30ರಲ್ಲಿ ಬರುವುದಕ್ಕಿಂತ ಸುಮಾರು 2.8 ಪಟ್ಟು. ಫಲಕ ನೆಟ್ಟರೆ ಯಾರೂ ನಿಧಾನ ಆಗುವುದಿಲ್ಲ. ರಸ್ತೆಯೇ ಕಿರಿದಾಗಿ ಕಂಡರೆ, ತಿರುವು ಇದ್ದರೆ, ದಾಟುವ ಜಾಗ ಸ್ವಲ್ಪ ಎತ್ತರಿಸಿದ್ದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಹಳೇ ಊರಿನ ಸೊಟ್ಟ ರಸ್ತೆಗೆ ಈ ಗುಣ ಹುಟ್ಟಿನಿಂದಲೇ ಇರುತ್ತದೆ. ಅದನ್ನು ನೇರ ಮಾಡಲು ಬರುವ ಎಂಜಿನಿಯರಿಗೆ ಇದನ್ನು ಮೆಲ್ಲಗೆ ಹೇಳಿ.

ಅಂಚುಗಲ್ಲೇ ಇಲ್ಲದೆ ಗಾಡಿ, ಜನ ಎಲ್ಲರೂ ಒಂದೇ ನೆಲ ಹಂಚಿಕೊಳ್ಳುವ ಪದ್ಧತಿಯನ್ನು ಕೆಲವರು ಕೇಳುತ್ತಾರೆ. ನೆದರ್ಲೆಂಡ್ಸಿನ ಟ್ರಾಫಿಕ್ ಎಂಜಿನಿಯರ್ ಹಾನ್ಸ್ ಮಾಂಡರ್ಮನ್ ಇದಕ್ಕೆ ಹೆಸರಾದವರು. ಗಾಡಿ ಕಡಿಮೆ ಇರುವ ಕಡೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಕಣ್ಣು ಕಾಣದವರಿಗೆ ಅಂಚುಗಲ್ಲೇ ದಾರಿ. ಅದನ್ನು ತೆಗೆದರೆ ಅವರು ಎಲ್ಲಿ ನಿಂತಿದ್ದೇವೆ ಎಂದು ತಿಳಿಯುವುದು ಹೇಗೆ? ತೆಗೆಯಲೇಬೇಕಿದ್ದರೆ ಉಬ್ಬುಗೆರೆಯ ಹಾಸುಬಿಲ್ಲೆ ಹಾಕಿ. 1967ರಲ್ಲಿ ಜಪಾನಿನ ಒಕಾಯಾಮಾದಲ್ಲಿ ಮೊದಲು ಹಾಕಿದ ಈ ಬಿಲ್ಲೆ ಈಗ ಜಗತ್ತೆಲ್ಲ ಇದೆ. ಅದನ್ನು ಒಯ್ದು ಕಂಬಕ್ಕೆ ಡಿಕ್ಕಿ ಹೊಡೆಸಬೇಡಿ, ಅಷ್ಟೇ.

5. ನೆಲದಡಿಯ ಕೆಲಸ ಪೂರ್ತಿ ಮುಗಿಸಿ

ಹೊಸ ರಸ್ತೆಯ ಮೇಲೆ ಮೂರು ತಿಂಗಳಲ್ಲಿ ಅಗೆತ ಬೀಳುವುದು ನೋಡಿ ಹೊಟ್ಟೆ ಉರಿಯದವರು ಯಾರಿದ್ದಾರೆ? ಅದನ್ನು ತಡೆಯುವ ಹಂತ ಇದು. ನೀರು, ಒಳಚರಂಡಿ, ವಿದ್ಯುತ್ತು, ಫೋನು, ಗ್ಯಾಸು, ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ. ಪ್ರತಿಯೊಬ್ಬರ ಕೊಳವೆ ಎಲ್ಲಿದೆ, ಎಷ್ಟು ಹಳೆಯದು, ಯಾವಾಗ ಬದಲಿಸುತ್ತಾರೆ ಎಂದು ಬರೆಸಿಕೊಳ್ಳಿ.

ನಕ್ಷೆಯಲ್ಲಿ ಇರುವುದಕ್ಕೂ ನೆಲದಲ್ಲಿ ಇರುವುದಕ್ಕೂ ಹಳೇ ಊರಿನಲ್ಲಿ ಸಂಬಂಧ ಕಡಿಮೆ. ನೆಲದೊಳಗೆ ರೇಡಿಯೋ ಅಲೆ ಬಿಟ್ಟು ಕೊಳವೆ ಹುಡುಕುವ ಜಿಪಿಆರ್ ಯಂತ್ರ ಇದೆ. ಒದ್ದೆ ಜೇಡಿಮಣ್ಣಿನಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೊನೆಗೆ ನಂಬಬೇಕಾದ್ದು ಕೈಯಲ್ಲಿ ತೋಡಿದ ಗುಂಡಿಯನ್ನೇ.

ಕ್ರಮ ಹೀಗಿರಲಿ. ಎಲ್ಲಕ್ಕಿಂತ ಆಳದ್ದು ಮೊದಲು: ಒಳಚರಂಡಿ, ಆಮೇಲೆ ಮಳೆ ನೀರಿನ ಕೊಳವೆ, ಆಮೇಲೆ ಕುಡಿಯುವ ನೀರು, ಕೊನೆಗೆ ಕೇಬಲ್ಲು. ಕುಡಿಯುವ ನೀರಿನ ಕೊಳವೆ ಯಾವಾಗಲೂ ಒಳಚರಂಡಿಗಿಂತ ಮೇಲೆ, ಅದರಿಂದ ದೂರ. ಎರಡೂ ಒಂದೇ ಕಂದಕದಲ್ಲಿ ಬಿದ್ದರೆ ಒಂದು ದಿನ ಒಂದು ಸೋರಿ ಇನ್ನೊಂದಕ್ಕೆ ಸೇರುತ್ತದೆ. 1.5 ಮೀಟರಿಗಿಂತ ಆಳದ ಕಂದಕಕ್ಕೆ ಬದಿಗೆ ಆನಿಕೆ ಕೊಡದೆ ಯಾರನ್ನೂ ಇಳಿಸಬಾರದು. ಮಣ್ಣು ಕುಸಿದರೆ ಓಡಲು ಸಮಯ ಇರುವುದಿಲ್ಲ. ಹಳೇ ಕಲ್ನಾರು ಸಿಮೆಂಟಿನ ಕೊಳವೆ ಸಿಕ್ಕರೆ ಒಣಗಿದ್ದಾಗ ಕತ್ತರಿಸಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ. ಅದನ್ನು ತೆಗೆಯಲು ತರಬೇತಿ ಪಡೆದವರೇ ಬರಲಿ.

ಅತಿ ಸಾಮಾನ್ಯ ತಪ್ಪು ಇಲ್ಲಿದೆ. ಮುಖ್ಯ ಕೊಳವೆ ಹೊಸದು ಹಾಕುತ್ತಾರೆ, ಮನೆಗೆ ಹೋಗುವ ಸಣ್ಣ ಕೊಳವೆ ಹಳೆಯದೇ ಉಳಿಯುತ್ತದೆ. ಮೊದಲು ಕೆಡುವುದು ಅದೇ. ಪ್ರತಿ ಮನೆಯ ಜೋಡಣೆಯೂ ಗೋಡೆಯ ತನಕ ಹೊಸದಾಗಲಿ. ಜೊತೆಗೆ ನೂರು ಮೀಟರಿಗೊಂದು ಕಡೆಯಂತೆ ರಸ್ತೆಗೆ ಅಡ್ಡಲಾಗಿ ಎರಡು ಖಾಲಿ ಪೈಪು ಹುಗಿದು ಬಾಯಿ ಮುಚ್ಚಿಡಿ. ಮುಂದೆ ಯಾವುದೋ ಹೊಸ ಕೇಬಲ್ಲು ಬಂದರೆ ಅದರೊಳಗೆ ಹಾಯಿಸಬಹುದು, ಅಗೆಯುವ ಮಾತಿಲ್ಲ.

ಕಂದಕ ಮುಚ್ಚುವಾಗ ಪಕ್ಕದಲ್ಲೇ ನಿಲ್ಲಿ. ಮಣ್ಣನ್ನು 150ರಿಂದ 200 ಮಿ.ಮೀ. ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಗುದ್ದಿ ಮುಚ್ಚಬೇಕು. ಒಂದೇ ಸಲ ಜೆಸಿಬಿಯಲ್ಲಿ ಸುರಿದು ಮೇಲಿಂದ ರೋಲರ್ ಓಡಿಸಿದರೆ ಮೇಲಿನ ಒಂದಡಿ ಗಟ್ಟಿ, ಕೆಳಗೆಲ್ಲ ಪೊಳ್ಳು. ಹೊಸ ರಸ್ತೆಯಲ್ಲಿ ಉದ್ದಕ್ಕೆ ಗೆರೆ ಎಳೆದಂತೆ ತಗ್ಗು ಬಿದ್ದಿರುವುದು ನೋಡಿದ್ದೀರಲ್ವಾ? ಅದು ಈ ಪೊಳ್ಳಿನ ವಿಳಾಸ. ಮುಚ್ಚುವ ಮುನ್ನ ಪ್ರತಿ ಕೊಳವೆಯ ಫೋಟೋ ತೆಗೆಯಿರಿ, ಹತ್ತಿರದ ಗೋಡೆಯಿಂದ ಟೇಪು ಹಿಡಿದು.

ಹಳೇ ಗೋಡೆ, ಮಡಕೆ ಚೂರು, ಮೂಳೆ, ಕೆತ್ತಿದ ಕಲ್ಲು ಏನಾದರೂ ಸಿಕ್ಕರೆ ಅಲ್ಲಿ ಕೆಲಸ ನಿಲ್ಲಿಸಿ ಪುರಾತತ್ವದವರಿಗೆ ಹೇಳಬೇಕು. ಸಿಕ್ಕೇ ಸಿಗುತ್ತದೆ ಎಂದು ಮೊದಲೇ ವೇಳಾಪಟ್ಟಿಯಲ್ಲಿ ಕೆಲವು ದಿನ ಬಿಟ್ಟಿಡಿ. ದಿನ ಇಲ್ಲದಿದ್ದರೆ ರಾತ್ರೋರಾತ್ರಿ ಮುಚ್ಚುವ ಆಸೆ ಹುಟ್ಟುತ್ತದೆ.

6. ನೀರಿಗೆ ದಾರಿ

ಇಟಲಿಯ ಪುರಾತನ ರೋಮನ್ ನಗರ ಪಾಂಪೇಯ ರಸ್ತೆಗಳಲ್ಲಿ ದಾಟುವವರಿಗೆಂದು ಎತ್ತರದ ಕಲ್ಲು ಇಟ್ಟಿದ್ದರು, ನಡುವೆ ಗಾಡಿ ಚಕ್ರ ಹೋಗಲು ಜಾಗ. ರಸ್ತೆಯೇ ಮೋರಿಯಾಗಿ ನೀರು ಹರಿಯುತ್ತಿದ್ದ ಕಾಲ ಅದು. ನಾವು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಜೋರು ಮಳೆಯಲ್ಲಿ ಚರಂಡಿ ತುಂಬಿ ಉಕ್ಕಿದರೆ ಆ ನೀರು ಯಾವ ಕಡೆ ಓಡುತ್ತದೆ ಎಂಬ ಉತ್ತರ ನಕ್ಷೆಯಲ್ಲಿ ಬಾಣದ ಗುರುತಾಗಿ ಇರಬೇಕು. ಯಾರ ಮನೆಯೂ ಆ ಬಾಣದ ತುದಿಯಲ್ಲಿ ಇರಬಾರದು.

ರಸ್ತೆ ನಡುವೆ ಉಬ್ಬು, ಬದಿಗೆ ಇಳಿಜಾರು ಇರುತ್ತದೆ. ಇದಕ್ಕೆ ಕ್ಯಾಂಬರ್ ಎನ್ನುತ್ತಾರೆ. ನೂರಕ್ಕೆ ಎರಡರಿಂದ ಎರಡೂವರೆ ಸಾಕು. ಆರು ಮೀಟರ್ ಅಗಲದ ರಸ್ತೆಗೆ ಎರಡೂವರೆ ಲೆಕ್ಕದಲ್ಲಿ ನಡುವೆ 75 ಮಿ.ಮೀ. ಎತ್ತರ. ಬದಿಯ ಮನೆಗಳು ತೀರಾ ತಗ್ಗಿನಲ್ಲಿದ್ದರೆ ಇದನ್ನು ತಲೆಕೆಳಗು ಮಾಡಿ: ನಡುವೆ ತಗ್ಗು, ಕಲ್ಲಿನ ಕಾಲುವೆ ರಸ್ತೆ ಮಧ್ಯೆ. ಎಷ್ಟೋ ಹಳೇ ಓಣಿಗಳು ಹೀಗೇ ಇದ್ದವು.

ಗೋಡೆಯ ಬುಡಕ್ಕೆ ಒತ್ತಿ ಕಾಂಕ್ರೀಟ್ ಹಾಕಲು ಬಿಡಬೇಡಿ. ಸುಣ್ಣದ ಗಾರೆಯ ಹಳೇ ಗೋಡೆ ಉಸಿರಾಡುತ್ತದೆ, ಅಂದರೆ ನೆಲದ ತೇವ ಅದರ ಮೂಲಕ ಹೊರಗೆ ಆರುತ್ತದೆ. ಬುಡವನ್ನು ಕಾಂಕ್ರೀಟಿನಲ್ಲಿ ಮುಚ್ಚಿದರೆ ತೇವ ಗೋಡೆ ಹತ್ತುತ್ತದೆ, ಒಳಗಿನ ಸುಣ್ಣ ಉದುರುತ್ತದೆ. ಗೋಡೆ ಪಕ್ಕ ಒಂದಡಿ ಅಗಲ ಜಲ್ಲಿ ಪಟ್ಟಿ ಬಿಡಿ. ಅದರಡಿಯ ನೀರು ಚರಂಡಿ ಕಡೆ ಹರಿಯುವಂತಿರಲಿ, ಗೋಡೆ ಕಡೆಗಲ್ಲ.

7. ತಳಮಣ್ಣು

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1816ರಲ್ಲಿ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಮೆಕ್ಯಾಡಮ್ ಹಿಡಿದ ಹಟ ಒಂದೇ: ಗಾಡಿಯ ಭಾರ ಹೊರುವುದು ಕೊನೆಗೆ ಮಣ್ಣೇ, ಅದನ್ನು ಒಣಗಿಸಿಡಿ. ಇವತ್ತಿಗೂ ಲೆಕ್ಕ ಬದಲಾಗಿಲ್ಲ.

ಮಣ್ಣಿನ ತಾಕತ್ತು ಅಳೆಯಲು ಸಿಬಿಆರ್ ಎಂಬ ಪರೀಕ್ಷೆ ಇದೆ. ಮಣ್ಣನ್ನು ಅಚ್ಚಿನಲ್ಲಿ ಗುದ್ದಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, 50 ಮಿ.ಮೀ. ದಪ್ಪದ ಉಕ್ಕಿನ ಕೋಲನ್ನು ಅದರೊಳಗೆ ಒತ್ತುತ್ತಾರೆ. ಎಷ್ಟು ಬಲ ಬೇಕಾಯಿತು ಎಂಬುದನ್ನು ಜಲ್ಲಿಯ ಲೆಕ್ಕಕ್ಕೆ ಹೋಲಿಸಿ ಶೇಕಡಾದಲ್ಲಿ ಹೇಳುತ್ತಾರೆ. ನೀವು ಕೇಳಬೇಕಾದ್ದು ಎರಡೇ. ಮಾದರಿ ಎಷ್ಟು ಜಾಗದಿಂದ ತೆಗೆದಿರಿ? ನೆನೆಸಿ ಮಾಡಿದ್ದಾ, ಒಣ ಮಣ್ಣಿನಲ್ಲಾ?

ಗುದ್ದಿದ್ದು ಸಾಕಾಯಿತೇ ಎಂದು ನೋಡಲು ಇನ್ನೊಂದು ಪರೀಕ್ಷೆ, ಪ್ರಾಕ್ಟರ್. ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲಿ ತೋರಿಸಿಕೊಟ್ಟದ್ದು. ಪ್ರತಿ ಮಣ್ಣಿಗೂ ಒಂದು ಹದದ ತೇವ ಇರುತ್ತದೆ, ಆ ಹದದಲ್ಲಿ ಗುದ್ದಿದರೇ ಅದು ಪೂರ್ತಿ ಬಿಗಿಯಾಗುವುದು. ತೀರಾ ಒಣಗಿದ್ದರೂ ಆಗದು, ಕೆಸರಾದರೂ ಆಗದು. ಒಂದು ಒರಟು ಪರೀಕ್ಷೆ ನೀವೇ ಮಾಡಬಹುದು. ಜಲ್ಲಿ ಹಾಕುವ ಮುನ್ನ ತುಂಬಿದ ಟಿಪ್ಪರ್ ಒಂದನ್ನು ನಿಧಾನಕ್ಕೆ ಓಡಿಸಲು ಹೇಳಿ, ಚಕ್ರದಡಿ ನೆಲ ಹಾಸಿಗೆಯಂತೆ ಅಲುಗಾಡುತ್ತದೆಯಾ ನೋಡಿ. ಅಲುಗಿದ ಕಡೆ ಕಿತ್ತು ಮತ್ತೆ ತುಂಬಬೇಕು.

ರಸ್ತೆ ಬದಿ ದೊಡ್ಡ ಮರ ಇದ್ದರೆ ಎದೆಮಟ್ಟದಲ್ಲಿ ಕಾಂಡದ ವ್ಯಾಸ (ಸುತ್ತಳತೆ ಅಲ್ಲ) ಅಳೆದು ಹನ್ನೆರಡರಿಂದ ಗುಣಿಸಿ. ಅಷ್ಟು ದೂರದೊಳಗೆ ಯಂತ್ರ ಬೇಡ, ಕೈಯಲ್ಲೇ ಅಗೆಯಲಿ. ಬೇರುಗಳ ಬಹುಪಾಲು ಮೇಲಿನ ಎರಡಡಿಯಲ್ಲೇ ಇರುತ್ತದೆ.

8. ಈಗ ಬನ್ನಿ, ಡಾಂಬರೋ ಕಲ್ಲೋ

ಡಾಂಬರು ಬೇಗ ಆಗುತ್ತದೆ, ಅಗೆದು ತೇಪೆ ಹಾಕುವುದೂ ಸುಲಭ. ಬಿಸಿ ಇರುವಾಗಲೇ ರೋಲರ್ ಆಡಬೇಕು. ಆರಿದ ಮೇಲೆ ಎಷ್ಟು ಆಡಿಸಿದರೂ ದಂಡ. ಮಳೆಯಲ್ಲಿ ಹಾಕಲು ಬಿಡಬೇಡಿ.

ಕಾಂಕ್ರೀಟು ಬಹಳ ಕಾಲ ಬರುತ್ತದೆ. ಕೊಳವೆ ಒಡೆದರೆ ಮಾತ್ರ ಅದರಷ್ಟು ತಲೆನೋವು ಬೇರಿಲ್ಲ. ಕನಿಷ್ಠ ಏಳು ದಿನ ಒದ್ದೆಯಾಗಿಟ್ಟು ಕ್ಯೂರಿಂಗ್ ಮಾಡಬೇಕು, ಪೂರ್ಣ ಬಲದ ಲೆಕ್ಕ 28 ದಿನಕ್ಕೆ. "ನಾಳೆ ಗಾಡಿ ಬಿಡಿ" ಎಂದು ಒತ್ತಡ ತರುವವರು ಹೆಚ್ಚಾಗಿ ನಾವೇ, ಊರಿನವರೇ.

ಕಲ್ಲು ಹಳೇ ಊರಿಗೆ ಒಪ್ಪುತ್ತದೆ ನಿಜ. ಮೊದಲೇ ಅಲ್ಲಿ ಕಲ್ಲು ಇದ್ದರೆ ಅದನ್ನೇ ಜೋಪಾನವಾಗಿ ಎತ್ತಿ, ನಂಬರು ಹಾಕಿ, ಲೆಕ್ಕ ಬರೆದು, ಮತ್ತೆ ಹಾಸಿ. ಅಲ್ಲಿ ಎಂದೂ ಕಲ್ಲಿರಲಿಲ್ಲ ಎಂದಾದರೆ "ಪುರಾತನ ಕಳೆ" ಬರಲೆಂದು ಸುಮ್ನೆ ಹೊಸ ಕಲ್ಲು ತರುವುದು ನನಗಂತೂ ಇಷ್ಟವಿಲ್ಲ. ಅದು ಊರಿಗೆ ಹಾಕಿದ ವೇಷ. ಮಿಷಿನ್ನಿನಲ್ಲಿ ಕೊಯ್ದ ನುಣುಪು ಕಲ್ಲು ಮಳೆಯಲ್ಲಿ ಜಾರುತ್ತದೆ, ಮೇಲ್ಮೈ ಒರಟು ಮಾಡಿದ್ದೇ ಬೇಕು. ಉಬ್ಬುತಗ್ಗಿನ ಕಲ್ಲಿದ್ದರೆ ಗಾಲಿಕುರ್ಚಿಗೆ, ಕೋಲೂರಿ ನಡೆಯುವವರಿಗೆ ಉದ್ದಕ್ಕೂ ಒಂದು ಸಪಾಟು ಪಟ್ಟಿ ಬಿಡಿ.

ಕಲ್ಲು ಹಾಸುವುದಕ್ಕೆ ಎರಡು ದಾರಿ. ಮರಳಿನ ಹಾಸು, ಸಂದಿಗೂ ಮರಳು. ಇಲ್ಲವೇ ಕಾಂಕ್ರೀಟ್ ತಳ, ಗಾರೆಯ ಹಾಸು, ಸಂದಿಗೂ ಗಾರೆ. ಬೆರೆಸಿದರೆ ಕೆಟ್ಟಿತು. ಮರಳಿನ ಮೇಲೆ ಕಲ್ಲಿಟ್ಟು ಸಂದಿಗೆ ಸಿಮೆಂಟು ತುಂಬಿದರೆ ಕಲ್ಲು ಅಲುಗುತ್ತದೆ, ಸಿಮೆಂಟು ಅಲುಗದೆ ಒಡೆಯುತ್ತದೆ, ನೀರು ಇಳಿಯುತ್ತದೆ. ಸಿಮೆಂಟಿನ ಬ್ಲಾಕು ಹಾಕುವುದಾದರೆ ಗಾಡಿ ಓಡುವ ಕಡೆ 80 ಮಿ.ಮೀ. ದಪ್ಪದ್ದು, ಮೀನಿನ ಮೂಳೆಯಂತೆ ಓರೆಯಾಗಿ ಜೋಡಿಸಿದ್ದು. ಬದಿಯಲ್ಲಿ ಗಟ್ಟಿ ಅಂಚು ಇಲ್ಲದಿದ್ದರೆ ಎಲ್ಲವೂ ಮೆಲ್ಲಗೆ ಹೊರಕ್ಕೆ ಸರಿಯುತ್ತದೆ.

9. ಕೆಲಸ ನಡೆಯುವಾಗ

ಇಡೀ ರಸ್ತೆ ಒಂದೇ ಸಲ ಅಗೆಯಲು ಬಿಡಬೇಡಿ. ಒಂದು ಅಡ್ಡರಸ್ತೆಯಿಂದ ಇನ್ನೊಂದರವರೆಗೆ ತುಂಡು ತುಂಡಾಗಿ ಮಾಡಲಿ. ಹಿಂದಿನ ತುಂಡು ನಡೆಯುವಂತಾಗದೆ ಮುಂದಿನದು ತೆರೆಯಬಾರದು ಎಂದು ಕರಾರಿನಲ್ಲೇ ಬರೆಸಿ. ಪ್ರತಿ ಬಾಗಿಲಿಗೂ ಹಿಡಿಕೆ ಇರುವ ಗಟ್ಟಿ ಹಲಗೆ, ರಾತ್ರಿ ದೀಪ, ಆಂಬುಲೆನ್ಸು ಮತ್ತು ಅಗ್ನಿಶಾಮಕ ಗಾಡಿಗೆ ದಾರಿ. ಇವು ಕೇಳಿ ಪಡೆಯುವ ಸೌಕರ್ಯ ಅಲ್ಲ, ಇರಲೇಬೇಕಾದವು.

ಕಂಪಿಸುವ ರೋಲರ್ ಹಳೇ ಗೋಡೆಯ ಶತ್ರು. ಕಂಪನವನ್ನು ನೆಲ ಸೆಕೆಂಡಿಗೆ ಎಷ್ಟು ಮಿ.ಮೀ. ವೇಗದಲ್ಲಿ ಅಲುಗಿತು ಎಂದು ಅಳೆಯುತ್ತಾರೆ. ಸೂಕ್ಷ್ಮವಾದ ಹಳೇ ಕಟ್ಟಡಗಳಿಗೆ ನಿಧಾನ ಕಂಪನದಲ್ಲಿ 3 ಮಿ.ಮೀ. ದಾಟಬಾರದು ಎಂದು ಜರ್ಮನಿಯ ಡಿನ್ 4150 ಮಾನದಂಡ ಹೇಳುತ್ತದೆ. ಮೀಟರು ಇಲ್ಲದಿದ್ದರೆ ಗೋಡೆ ಪಕ್ಕ ಕಂಪನ ಆಫ್ ಮಾಡಿ, ಬರೀ ಭಾರದಲ್ಲೇ ರೋಲರ್ ಆಡಿಸಲಿ. ಸಂಜೆ ಹೋಗಿ ನಿಮ್ಮ ಪ್ಲಾಸ್ಟರ್ ಪಟ್ಟಿಗಳನ್ನು ನೋಡಿ ಬನ್ನಿ.

10. ವಹಿಸಿಕೊಳ್ಳುವ ಮುನ್ನ

ಮೊದಲನೇ ಹಂತದ ಹೊಸ್ತಿಲ ಪಟ್ಟಿ ತೆಗೆದು ಮತ್ತೆ ನೀರಿನ ಪೈಪು ಹಿಡಿಯಿರಿ. ನಕ್ಷೆಯ ಮಟ್ಟಕ್ಕೂ ಈಗಿನ ಮಟ್ಟಕ್ಕೂ ಎಲ್ಲೆಲ್ಲಿ ತಾಳೆ ಆಗಲಿಲ್ಲ, ಬರೆದುಕೊಳ್ಳಿ. ಒಂದು ಟ್ಯಾಂಕರ್ ನೀರು ತರಿಸಿ ರಸ್ತೆಯ ಎತ್ತರದ ತುದಿಯಲ್ಲಿ ಬಿಡಿ. ಅರ್ಧ ಗಂಟೆ ಕಾಯಿರಿ. ನೀರು ನಿಂತ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೋ ತೆಗೆಯಿರಿ. ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಕಾಲಿಟ್ಟು ನೋಡಿ, ಟಕ್ ಎಂದು ಸದ್ದು ಬಂದರೆ ಸರಿಯಾಗಿ ಕೂತಿಲ್ಲ.

ನೆಲದಡಿ ನಿಜವಾಗಿ ಏನು ಹಾಕಿದ್ದಾರೋ ಅದರ ನಕ್ಷೆ, ಕಂದಕದ ಫೋಟೋಗಳು, ಪರೀಕ್ಷೆಗಳ ವರದಿ, ಇಷ್ಟೂ ಊರಿನ ಕೈಗೆ ಬರಲಿ. ದೋಷ ಹೊಣೆಯ ಅವಧಿ, ಅಂದರೆ ಕೆಟ್ಟರೆ ಕಂಟ್ರಾಕ್ಟರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಕಾಲ, ಎಂದು ಶುರುವಾಗಿ ಎಂದು ಮುಗಿಯುತ್ತದೆ ಎಂದು ತಾರೀಖು ಬರೆಸಿಕೊಳ್ಳಿ. ಅದು ಮುಗಿಯುವ ಎರಡು ತಿಂಗಳ ಮುಂಚೆ ಎಲ್ಲರೂ ಸೇರಿ ಇಡೀ ರಸ್ತೆ ಒಮ್ಮೆ ನಡೆಯಿರಿ, ಸಾಧ್ಯವಾದರೆ ಮಳೆ ಬಿದ್ದ ದಿನ. ಕಲ್ಲೋ ಬ್ಲಾಕೋ ಹಾಸಿದ್ದರೆ ನೂರಕ್ಕೆ ಐದರಷ್ಟು ಜಾಸ್ತಿ ತರಿಸಿ ಎಲ್ಲಾದರೂ ಜೋಡಿಸಿಡಿ. ಅದೇ ಗಣಿಯ ಅದೇ ಬಣ್ಣ ಆಮೇಲೆ ಸಿಗುವುದು ಕಷ್ಟ. ಜೋಡಿಸಿಟ್ಟ ಜಾಗಕ್ಕೆ ಬೀಗ ಇರಲಿ.